ಕಿಟಕಿ ನೀಲಿಯಾದ ಮಧ್ಯಾಹ್ನ

ಸಂಶೋಧನೆ ಮಾಡುವವರು ಅದನ್ನು ಪ್ರಯೋಗಾಲಯದಲ್ಲೇ ಇಟ್ಟುಕೊಂಡರೆ ಮರ್ಯಾದೆ ಉಳಿಯುತ್ತದೆ. ಈ ಬುದ್ಧಿ ನನಗೆ ತಡವಾಗಿ ಬಂತು. ಸ್ವಿಚ್ ಒತ್ತಿದರೆ ಬಣ್ಣ ಬದಲಿಸುವ ಕಿಟಕಿ ಗಾಜನ್ನು ತಯಾರಿಸುವ ತಂಡದಲ್ಲಿದ್ದೇನೆ. ಒತ್ತಿದರೆ ಗಾಜು ಕಡುನೀಲಿಯಾಗಿ ಬಿಸಿಲಿನ ಕಾವು ತಡೆಯುತ್ತದೆ, ಇನ್ನೊಮ್ಮೆ ಒತ್ತಿದರೆ ತಿಳಿಯಾಗುತ್ತದೆ, ಎ.ಸಿ. ಬೇಡ, ಕರೆಂಟ್ ಉಳಿತಾಯ ಎಂದು ಸಿಕ್ಕಸಿಕ್ಕವರಿಗೆಲ್ಲ ಕೊರೆಯುತ್ತಿದ್ದೆ. ಹಿನಕಲ್‌ನಲ್ಲಿರುವ ಅಣ್ಣನ ಮನೆಯ ಹಾಲ್‌ಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುತ್ತದೆ. ಪರೀಕ್ಷೆಯೂ ಆಗಲಿ, ನನ್ನ ಹೆಚ್ಚುಗಾರಿಕೆಯೂ ತಿಳಿಯಲಿ ಎಂದು ಅಲ್ಲಿನ ದೊಡ್ಡ ಕಿಟಕಿಗೆ ಅದನ್ನೇ ಕೂರಿಸಿದೆ.

ಅಣ್ಣನ ಮಗಳು ಮೇಘಾಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಅಣ್ಣನೇ, "ಹಾಲ್ ತಣ್ಣಗಿರ್ಲಿ, ಆ ನಿನ್ನ ಸ್ವಿಚ್ ಹಾಕ್ಬುಡು" ಎಂದ. ಹಾಕಿದೆ. ಗಾಜು ನೀಲಿಯಾಯಿತು, ಹೆಮ್ಮೆಯಿಂದ ಬೀಗಿದೆ. ಅವರೆಲ್ಲ ಬಂದು ಕೂತ ಮೇಲೆ ಬೆಳಕು ಸಾಲದೆಂದು ಮತ್ತೆ ಒತ್ತಿದರೆ ಗಾಜು ಜಪ್ಪಯ್ಯ ಅಂದರೂ ತಿಳಿಯಾಗಲಿಲ್ಲ. ತಟ್ಟೆಯಲ್ಲಿದ್ದ ಕೇಸರಿಬಾತು ಹಸಿರಾಗಿ ಕಾಣುತ್ತಿತ್ತು. ಹುಡುಗನ ತಾಯಿ ಮೇಘಾಳನ್ನು ನೋಡಿ, ಅತ್ತಿಗೆಯ ಕಡೆ ಬಾಗಿ, "ಮಗೂಗೆ ಹುಷಾರಿಲ್ವೇನ್ರೀ? ಮುಖ ಒಂಥರಾ ಕಾಣ್ತದೆ" ಎಂದರು. ಅತ್ತಿಗೆ ನನ್ನನ್ನೊಮ್ಮೆ ನೋಡಿ, ಎದ್ದು ಮನೆಯಲ್ಲಿದ್ದ ದೀಪಗಳನ್ನೆಲ್ಲ ಹಾಕಿದರು. ಅವಮಾನವಾದಾಗ ಬಾಯಿ ಮುಚ್ಚುವ ಅಭ್ಯಾಸ ನನಗಿಲ್ಲ. ಈ ಗಾಜಿನಿಂದ ವಿದ್ಯುತ್ ಹೇಗೆ ಉಳಿಯುತ್ತದೆಂದು ವಿವರಿಸತೊಡಗಿದೆ. ಹುಡುಗನ ತಂದೆ ತಾಳ್ಮೆಯಿಂದ ಕೇಳಿ, ತಲೆಯೆತ್ತಿ ಟ್ಯೂಬ್‌ಲೈಟ್ ನೋಡಿ, "ಹಗಲೊತ್ತಲ್ಲೇ ಲೈಟ್ ಹಾಕ್ಕೊಂಡ್ರೆ ಎಂಗೆ ಉಳೀತದಮ್ಮ?" ಎಂದರು. ಅದರಲ್ಲಿ ಕುಹಕವಿರಲಿಲ್ಲ, ಪಾಪ, ತಿಳಿದುಕೊಳ್ಳಲೆಂದೇ ಕೇಳಿದ್ದರು. ಕುಹಕವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು.

ಆಗ ಮೇಘಾಳೇ ಎದ್ದು, "ಹೊರಗೆ ಹೊಂಗೆ ಮರದ ನೆರಳಿದೆ, ಅಲ್ಲೇ ಕೂರೋಣ ಬನ್ನಿ" ಎಂದಳು. ಕುರ್ಚಿಗಳು ಹೊರಗೆ ಹೋದವು. ಎಲ್ಲರಿಗೂ ಅವರವರ ಬಣ್ಣ ಮರಳಿತು. ಹುಡುಗನೂ ಅವಳೂ ಗೇಟಿನ ಬಳಿ ನಿಂತು ಬಹಳ ಹೊತ್ತು ನಗುನಗುತ್ತಾ ಮಾತಾಡಿದರು. ನಾನು ಒಳಗೇ ಉಳಿದು ಸ್ವಿಚ್ ಒತ್ತುತ್ತಲೇ ಇದ್ದೆ. ಹೊರಗೆ ಮುಖ ತೋರಿಸುವ ಧೈರ್ಯವಿರಲಿಲ್ಲ.

ಪುಣ್ಯಕ್ಕೆ ಸಂಬಂಧ ಕುದುರಿತು. ನಿಶ್ಚಿತಾರ್ಥದಲ್ಲಿ ಹುಡುಗನ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೀನೇನು ಕೆಲ್ಸ ಮಾಡ್ತೀಯ ಕಣಮ್ಮ?" ಎಂದು ಕೇಳಿದರು. ಅತ್ತಿಗೆ ಹತ್ತಿರದಲ್ಲೇ ಇದ್ದರು. "ಏನೋ, ಗಾಜಿನ ಕೆಲಸ" ಎಂದೆ ಮೆಲ್ಲಗೆ.

"ಬಳೆ ಅಂಗಡಿನಾ?"

"ಹೂಂ" ಎಂದುಬಿಟ್ಟೆ. ಅಜ್ಜಿಗೆ ಬಹಳ ಸಂತೋಷವಾಯಿತು. ಮದುವೆಗೆ ಬರುವ ಹೆಂಗಸರಿಗೆಲ್ಲ ಬಳೆ ನನ್ನ ಅಂಗಡಿಯಿಂದಲೇ ಬರಬೇಕಂತೆ.