ಮಾಸ್ಟರಿಂಗ್ ಮತ್ತು ನಾಲ್ಕು ಮೂಟೆ ರಾಗಿ

ಜಿಗಣಿಯಲ್ಲಿ ಅಂತಾರಾಷ್ಟ್ರೀಯ ಮಟ್ಟದ ರೆಕಾರ್ಡಿಂಗ್ ಸ್ಟುಡಿಯೋ ಒಂದಿದೆ. ನಮ್ಮ ಮನೆಯ ಮಹಡಿ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಅದರ ಮಾಲೀಕಳು, ಸೌಂಡ್ ಇಂಜಿನಿಯರ್, ಕಸ ಗುಡಿಸುವವಳು ಎಲ್ಲ ನಾನೇ, ದೀಪಶ್ರೀ, ಬಿ.ಕಾಂ. ಎರಡನೇ ವರ್ಷ.

ಈ ಭವ್ಯ ಸ್ಟುಡಿಯೋವನ್ನು ಯಾರೋ ಫ್ಯಾಕ್ಟರಿ ಸೂಪರ್‌ವೈಸರ್ ಬಾಡಿಗೆಗೆ ಕೇಳಿಬಿಟ್ಟರು. ನಾನು ಎರಡು ದಿನ ಉಪವಾಸ ಮಾಡಿದೆ (ಚಿಪ್ಸ್ ಊಟದ ಲೆಕ್ಕಕ್ಕೆ ಬರುವುದಿಲ್ಲ). ಅಪ್ಪ ಮಣಿದರು.

"ಭಾನುವಾರ ನಿನ್ನ ಹಾಡು ನನ್ನ ಕಾರಲ್ಲಿ ಹಾಕು. ಚೆನ್ನಾಗಿದ್ರೆ ರೂಮು ನಿಂದು. ಇಲ್ದಿದ್ರೆ ಸೂಪರ್‌ವೈಸರ್‌ದು."

ಹಾಡು ಅಂದರೆ ನಮ್ಮ ಲಕ್ಷ್ಮಮ್ಮಜ್ಜಿಯ ಸೋಬಾನೆ ಪದ, ಅದಕ್ಕೆ ನಾನು ಸೇರಿಸಿದ ಭರ್ಜರಿ ತಮಟೆ. ಮಿಕ್ಸಿಂಗ್ ಅಂದರೆ ಈ ಇಬ್ಬರ ಜಗಳ ಬಿಡಿಸುವುದು, ಮಾಸ್ಟರಿಂಗ್ ಅಂದರೆ ಇಬ್ಬರಿಗೂ ತಲೆ ಬಾಚಿ ಊರಿಗೆ ತೋರಿಸುವುದು. ಸಣ್ಣ ಕೋಣೆಯಲ್ಲಿ ತಮಟೆಯ ಸದ್ದು ಮೂಲೆಗೆ ಹೊಡೆದು ಗುಂಯ್‌ಗುಡುತ್ತದೆ. ಅದನ್ನು ಹೀರಿಕೊಳ್ಳುವ ಸ್ಪಂಜಿನ ಹಲಗೆ ಕೊಳ್ಳುವ ಬದಲು ನಾನು ನಾಲ್ಕು ಮೂಲೆಗೆ ನಾಲ್ಕು ರಾಗಿ ಮೂಟೆ ನಿಲ್ಲಿಸಿ, ಅಂದಕ್ಕೆ ಪರದೆ ಕಟ್ಟಿದ್ದೆ. ಸದ್ದು ಬೆಣ್ಣೆಯಾಯಿತು.

ಶನಿವಾರ ಕಾಲೇಜಿನಿಂದ ಬಂದು ಕೊನೆಯ ಸಲ ಹಾಡು ಹಾಕಿದೆ. ತಮಟೆ ಕ್ವಾರಿಯಲ್ಲಿ ಸಿಡಿಮದ್ದು ಸಿಡಿದ ಹಾಗಿತ್ತು. ಗಾಬರಿಯಾಗಿ ಬೇಸ್, ಅಂದರೆ ಎದೆಗೆ ಗುದ್ದುವ ದಪ್ಪ ಸದ್ದು, ಕಡಿಮೆ ಮಾಡಿದೆ. ಇನ್ನೂ ಗುಂಯ್. ಇನ್ನೂ ಕಡಿಮೆ ಮಾಡಿದೆ. ಸಂಜೆಯ ಹೊತ್ತಿಗೆ ಕೋಣೆಯಲ್ಲಿ ದೈವಿಕ ಸಮತೋಲನ ನೆಲೆಸಿತು.

ಭಾನುವಾರ ಕಾರಿನಲ್ಲಿ ಅಪ್ಪ, ಹಿಂದೆ ಅಜ್ಜಿ. ಹಾಡು ಶುರುವಾಯಿತು, ಮುಗಿಯಿತು.

"ತಮಟೆ ಎಲ್ಲಮ್ಮಾ?" ಅಂದರು ಅಪ್ಪ.

"ಇದೆಯಲ್ಲಪ್ಪ."

"ಯಾರೋ ಕಡ್ಲೆಕಾಯಿ ಸುಲಿದಂಗೆ ಕೇಳ್ತು. ಅದಾ?"

"ನನ್ ಗಂಟ್ಲು ಸೊಳ್ಳೆ ಥರ ಐತಲ್ಲೇ," ಅಂದಳು ಅಜ್ಜಿ. "ನಾನೇನು ಇಂಗಾ ಹಾಡಿದ್ದು?"

ನಾನು ಮೇಲೆ ಓಡಿ ಪರದೆ ಸರಿಸಿದೆ. ನಾಲ್ಕೂ ಮೂಲೆ ಖಾಲಿ. ಹಿಂದೆಯೇ ಅಪ್ಪ, ಅಜ್ಜಿ ಮೆಟ್ಟಿಲು ಹತ್ತಿ ಬಂದರು.

"ಅಜ್ಜೀ, ಮೂಟೆಗಳೆಲ್ಲಿ?"

"ನಿಮ್ಮ ಅತ್ತೆಯರ ಮನೇಗೆ ನಿನ್ನೆ ಕಳಿಸ್ದೆ. ಸುಗ್ಗಿ ಆದ್ಮೇಲೆ ಹೆಣ್ಮಕ್ಳಿಗೆ ಒಂದೊಂದು ಮೂಟೆ ಕೊಡಲ್ವಾ? ನಾಕು ಜನ, ನಾಕು ಮೂಟೆ. ಸರಿಯಾಗಿತ್ತು."

ನನ್ನ ಬೇಸ್ ಹಂಚಿಹೋಗಿ ನಾಲ್ವರು ಅತ್ತೆಯರ ಅಡುಗೆಮನೆ ಸೇರಿತ್ತು. ಸೂಪರ್‌ವೈಸರ್ ಚಾಪೆ ಹಾಸುವುದು ಕಣ್ಣಿಗೆ ಕಟ್ಟಿತು. ನಾನು ಬಿಡಲಿಲ್ಲ. ಮೂಟೆ ಹೋದದ್ದರಿಂದ ಕೋಣೆ ಗುಂಯ್‌ಗುಟ್ಟಿತು, ಅದನ್ನು ಹಾಡಿನ ತಪ್ಪೆಂದು ತಿಳಿದು ತಮಟೆಯನ್ನೇ ಕತ್ತರಿಸಿದೆ ಎಂದು ಗೋಡೆ ಮೇಲೆ ಚಿತ್ರ ಬರೆದು ವಿಜ್ಞಾನ ಬೋಧಿಸಿದೆ. ಅಪ್ಪ ಎಂದೂ ನನ್ನ ಮಾತು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

"ಅಂದ್ರೆ ಮೂಟೆ ಇದ್ರೆ ಹಾಡು ಚೆನ್ನಾಗ್ ಬರುತ್ತೆ."

"ಗ್ಯಾರಂಟಿ, ಅಪ್ಪ."

"ಎಷ್ಟಿದ್ರೆ ಒಳ್ಳೇದು?"

"ಎಷ್ಟಿದ್ರೆ ಅಷ್ಟು ಒಳ್ಳೇದು," ಅಂದೆ, ದೊಡ್ಡ ಇಂಜಿನಿಯರಿನ ಗತ್ತಿನಲ್ಲಿ.

ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಹೊಸ ರಾಗಿ ಇಡಕ್ಕೆ ಜಾಗ ಇಲ್ಲ ಅಂತ ಒದ್ದಾಡ್ತಿದ್ವಿ ಕಣಪ್ಪ. ಮಗು ಆಸೆಪಟ್ಟು ಕೇಳ್ತೈತೆ."

ಅಪ್ಪ ನನ್ನೆದುರೇ ಸೂಪರ್‌ವೈಸರ್‌ಗೆ ಫೋನ್ ಮಾಡಿ ರೂಮು ಇಲ್ಲ ಸಾರ್ ಅಂದರು. ನಾನು ಟ್ಯಾಂಕಿನ ಸುತ್ತ ಕುಣಿದೆ. ಸಂಜೆಯೊಳಗೆ ಮೂವತ್ತೆರಡು ಮೂಟೆ ಮೇಲೆ ಬಂದವು.

ಈಗ ಏಷ್ಯಾದಲ್ಲೇ ಇಷ್ಟು ಶುದ್ಧವಾದ ಬೇಸ್ ಇರುವ ಕೋಣೆ ಇನ್ನೊಂದು ಇರಲಾರದು. ಒಳಗೆ ಹೋಗಿ ಕೇಳಬೇಕೆಂದು ತುಂಬಾ ಆಸೆ, ಆದರೆ ಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ.