ಹೊಸಲಿಲ್ಲದ ಮನೆಯೂ ನನ್ನ ಹೆಬ್ಬೆರಳೂ

ಕೋಪ ಬಂದಾಗ ಲೇಖನಿ ಮುಟ್ಟಬಾರದೆಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರ ಹೆಬ್ಬೆರಳಿಗೆ ಏನೂ ಆಗಿರಲಿಕ್ಕಿಲ್ಲ. ನನ್ನ ಎಡಗಾಲಿನ ಹೆಬ್ಬೆರಳು ಮೊನ್ನೆಯಿಂದ ಎಳೆ ಬದನೆಕಾಯಿಯ ಬಣ್ಣಕ್ಕೂ ಗಾತ್ರಕ್ಕೂ ತಿರುಗಿದೆ. ಅದನ್ನು ಸ್ಟೂಲಿನ ಮೇಲಿಟ್ಟುಕೊಂಡು, ಪ್ರಸಿದ್ಧ ವಾಸ್ತುಶಿಲ್ಪಿಯೊಬ್ಬರ ಬದುಕು ಮತ್ತು ಸಾಧನೆಯ ಬಗ್ಗೆ ಅಭಿನಂದನಾ ಗ್ರಂಥಕ್ಕೆ ನಾಲ್ಕು ಪುಟ ಬರೆಯಬೇಕಾಗಿದೆ. ಆ ಪ್ರಸಿದ್ಧರು ನನ್ನ ಬಾಮೈದ ಶ್ರೀಕಂಠ. ಹೆಬ್ಬೆರಳಿಗೆ ಕಾರಣಪುರುಷರೂ ಅವರೇ.

ಬಾಲ್ಯ ಬರೆಯುವುದು ಸುಲಭ. ಬೆಂಕಿಪೊಟ್ಟಣಗಳಲ್ಲಿ ಅರಮನೆ ಕಟ್ಟುತ್ತಿದ್ದ. ಕಡ್ಡಿಗಳನ್ನೆಲ್ಲ ಎಲ್ಲಿ ಸುರಿದನೆಂದು ಹುಡುಕುತ್ತ ನನ್ನ ಅತ್ತೆ ಒಲೆಯ ಮುಂದೆ ಗೋಳಾಡುತ್ತಿದ್ದರು. ಓದು ಮುಗಿಸಿ ಬಂದ ಹೊಸತರಲ್ಲಿ ಶೆಟ್ಟಿಹಳ್ಳಿಗೆ ಹೋಗಿ ಪಾಳು ಚರ್ಚಿನ ಮುಂದೆ ಅರ್ಧ ದಿನ ನಿಂತನಂತೆ. ಹೇಮಾವತಿಯ ಹಿನ್ನೀರು ಅದರೊಳಗೆ ಕೇಳದೆ ಬರುತ್ತದೆ, ಹೇಳದೆ ಹೋಗುತ್ತದೆ. ಅವನಿಗೆ ಜ್ಞಾನೋದಯವಾಯಿತು: ಒಳಗು ಹೊರಗು ಎಂಬ ಭೇದವೇ ಮಿಥ್ಯೆ! ಅಲ್ಲಿ ಯಾರೂ ಸಂಸಾರ ಹೂಡಿಲ್ಲವೆಂಬ ಸಣ್ಣ ಸಂಗತಿ ಮಾತ್ರ ಹೊಳೆಯಲಿಲ್ಲ. ಆ ಜ್ಞಾನದ ಪ್ರಥಮ ಫಲವೇ ಹೊಳೆನರಸೀಪುರದ ನಮ್ಮ ಮನೆ. ಅದರ ಒಂದು ಬಾಗಿಲಿಗೂ ಹೊಸಲಿಲ್ಲ.

ಬಾಗಿಲು ಕೂರಿಸಲು ಕೊಣನೂರಿನಿಂದ ಬಂದ ಪುಟ್ಟಾಚಾರಿ ನಕ್ಷೆ ನೋಡಿ ಉಳಿ ಕೆಳಗಿಟ್ಟ. “ಸಾ, ಒಸ್ಲಿಲ್ದ ಬಾಗ್ಲು ಅಂದ್ರೆ ಅಲ್ಲಿಲ್ದ ಬೊಚ್ಬಾಯಿ ಕಣ್ ಸಾ. ಅಮ್ಮಾವ್ರು ಅರಿಸ್ನ ಕುಂಕ್ಮ ಯಾತಕ್ಕಿಕ್ತಾರೆ, ಗಾಳಿಗಾ?”

“ಜಾಗ ಹರೀಬೇಕು, ಆಚಾರ್ರೇ” ಎಂದ ಶ್ರೀಕಂಠ.

“ಅರೀತದೆ ಬುಡಿ, ಮಳೆ ಬರ್ಲಿ.”

ಹರಿಯಿತು. ಮೊದಲ ಮಳೆಗೇ ನೀರು ನಡುಮನೆಗೆ ಬಂತು. ಹಿಂದೆಯೇ ಎರಡು ಕಪ್ಪೆ, ಎದುರುಮನೆಯವರ ಒಂದು ಚಪ್ಪಲಿ. ನನ್ನ ಹೆಂಡತಿ ಸಾವಿತ್ರಿ ಶುಕ್ರವಾರಗಳಂದು ಅಂದಾಜಿನ ಮೇಲೆ ರಂಗೋಲಿಯ ಗೆರೆಯೊಂದನ್ನೆಳೆದು ಅದಕ್ಕೇ ಪೂಜೆ ಮಾಡುತ್ತ ಬಂದಳು. ಮನೆಯ ಚಿತ್ರ ಪತ್ರಿಕೆಯಲ್ಲಿ ಬಂದ ದಿನ ಅವಳ ಬಾಯಲ್ಲಿ ಅವನು ‘ನನ್ನ ತಮ್ಮ’. ನೀರು ನುಗ್ಗಿದ ದಿನ ‘ನಿಮ್ಮ ಬಾಮೈದ’. ಹೊಸಲು ಹಾಕಿಸುತ್ತೇನೆಂದು ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: “ಭಾವ, ಅದು ನನ್ನ ಮೊದಲ ಕೃತಿ. ಅದನ್ನ ಮುಟ್ಟಿದ್ರೆ ನನ್ನನ್ನೇ ಮುಟ್ಟಿದ ಹಾಗೆ.” ಅವನನ್ನು ಮುಟ್ಟಬೇಕೆಂದು ನನಗೆ ಆಗಾಗ ಬಲವಾಗಿ ಅನ್ನಿಸಿದ್ದುಂಟು.

ಈಗ ಮಗನ ಮದುವೆ ಗೊತ್ತಾಗಿದೆ. ಸಾವಿತ್ರಿ ಕಡ್ಡಿ ಮುರಿದಂತೆ ಹೇಳಿದಳು: “ಸೊಸೆ ಸೇರಕ್ಕಿ ಒದ್ದು ಒಳಗೆ ಬರೋದಕ್ಕೆ ಹೊಸಲು ಬೇಕೂಂದ್ರೆ ಬೇಕು. ಇಲ್ಲದಿದ್ರೆ ಅವಳನ್ನ ಛತ್ರದ ಬಾಗಿಲಲ್ಲೇ ತುಂಬಿಸಿಕೊಂಡು, ನಾನೂ ಅಲ್ಲೇ ಇದ್ದುಬಿಡ್ತೀನಿ.”

ಮೊನ್ನೆ ಗ್ರಂಥಕ್ಕೆ ಫೋಟೊ ತರಲು ಹಾಸನದ ಅವನ ಹೊಸ ಮನೆಗೆ ಹೋದೆ. ಇಷ್ಟು ವರ್ಷ ಹೊಸಲಿಲ್ಲದ ಮನೆಯಲ್ಲಿ ಕಾಲೆಳೆದುಕೊಂಡೇ ನಡೆದವನು ನಾನು. ಅದೇ ಠೀವಿಯಲ್ಲಿ ಒಳಗೆ ಹೊರಟೆ. ಎಡವಿದೆ! ಗೇಣೆತ್ತರದ ತೇಗದ ಹೊಸಲು. ಅದಕ್ಕೆ ಹಿತ್ತಾಳೆಯ ಪಟ್ಟಿ, ಅರಿಶಿನ, ಕುಂಕುಮ, ಎರಡು ಸೇವಂತಿಗೆ.

“ಕಾಲೆತ್ತಿ ಬರಬಾರದಾ ಭಾವ? ಹೊಸಲಿದೆ!”

“ನಿನ್ನ ಜಾಗ ಹರೀಬೇಡವೇನೋ?” ಎಂದು ಕಿರುಚಿದೆ.

“ಇಲ್ಲಿ ನಾವು ವಾಸ ಮಾಡ್ತೀವಲ್ಲ, ಭಾವ” ಎಂದ, ಮಹಾತ್ಮ.

ಮರುದಿನವೇ ಪುಟ್ಟಾಚಾರಿಯನ್ನು ಕರೆಸಿದೆ. ಅವನು ಅಳತೆ ಹಿಡಿದಿದ್ದಾಗ ವಾಸ್ತುಶಿಲ್ಪ ಕಾಲೇಜಿನ ಮಕ್ಕಳು ವ್ಯಾನಿನಲ್ಲಿ ಮನೆ ನೋಡಲು ಬಂದರು. “ಹೊಸಲೇ ಬೇಡ ಅನ್ನೋ ಧೈರ್ಯ ಮಾಡಿದ್ದು ಯಾರು ಸರ್?” ಎಂದಳೊಬ್ಬಳು. ಏನು ಹೇಳಲಿ! ಕುಂಟುತ್ತಲೇ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ: ಒಳಗು ಹೊರಗು ಮಿಥ್ಯೆ, ಜಾಗ ಹರಿಯಬೇಕು, ಒಪ್ಪಿದ ಧೀರ ನಾನೇ.

“ಏನ್ ಸಾ, ಮರ ಕುಯ್ಲಾ ಬ್ಯಾಡ್ವಾ?” ಎಂದ ಆಚಾರಿ.

“ನಾಳೆ ನೋಡೋಣ” ಎಂದೆ ಮೆಲ್ಲಗೆ.

“ಕುಯ್ಯಿ ಆಚಾರಿ” ಎಂದಳು ಒಳಗಿನಿಂದ ಸಾವಿತ್ರಿ.

ಸಂಜೆಗೆ ಹೊಸಲು ಕೂತಿತು. ನಾನು ನಾಲ್ಕನೆಯ ಪುಟದ ಕೊನೆಗೆ ಬರೆದೆ: ‘ಇವರ ಮೊದಲ ಕೃತಿಯನ್ನು ಇತ್ತೀಚೆಗೆ ಇವರ ಅಕ್ಕ ಪೂರ್ಣಗೊಳಿಸಿದರು.’ ವಾಕ್ಯ ನನಗೇ ಬಹಳ ಹಿಡಿಸಿತು. ಜಗುಲಿಯಲ್ಲಿದ್ದ ಅವಳಿಗೆ ಓದಿ ಹೇಳಲೆಂದು ಕಾಗದ ಹಿಡಿದು, ಎಂದಿನ ಠೀವಿಯಲ್ಲಿ ಹೊರಟೆ.

ಈಗ ಸ್ಟೂಲಿನ ಮೇಲೆ ಎರಡು ಕಾಲಿವೆ.