ನಾನು ಪ್ರೊಸೆಸರ್ ಬದಲಿಸಿದ ಪ್ರಸಂಗ

ನಮ್ಮ ಮನೆಯಲ್ಲಿ ಯಾವ ಹೊಸ ವಸ್ತುವೂ ಹಳೆಯದಾಗುವುದಿಲ್ಲ. ಅದಕ್ಕೆ ಕಾರಣ ನಾನು. ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರು ಆರು ವರ್ಷದಿಂದ ಹಾಗೇ ಇದೆ. ಒಳಗಿನ ಅಂಕಿಗಳು ಕಾಣುವುದಿಲ್ಲ, ಅದು ಬೇರೆ ಮಾತು! ಸ್ಕೂಟರಿನ ಸೀಟಿಗೆ ಶೋರೂಮಿನವರು ಹಾಕಿದ ಪ್ಲಾಸ್ಟಿಕ್ ಹಾಳೆಯ ಮೇಲೆ ನನ್ನ ಹೆಂಡತಿ ಗಿರಿಜಾ ಎರಡು ಸಲ ಜಾರಿದ್ದಾಳೆ. "ರೀ, ಅದನ್ನ ಕಿತ್ತು ಬಿಸಾಕ್ರೀ" ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿದೆ. ನಾನು ಜಗ್ಗಿಲ್ಲ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಾದ ನನಗೆ ವಸ್ತುಗಳನ್ನು ಕಾಪಾಡುವುದು ಹೇಗೆಂದು ಯಾರೂ ಕಲಿಸಬೇಕಾಗಿಲ್ಲ.

ಭದ್ರಾವತಿಯಲ್ಲಿರುವ ನನ್ನ ಅತ್ತೆ ಮಾವನ ಮದುವೆಗೆ ಐವತ್ತು ವರ್ಷ ತುಂಬುವ ಭಾನುವಾರ ಹತ್ತಿರ ಬಂತು. ಹಳೆಯ ಫೋಟೋಗಳನ್ನೆಲ್ಲ ಸೇರಿಸಿ ವಿಡಿಯೋ ಮಾಡಿ, ಮಾವನಿಗೆ ಸುಳಿವೇ ಕೊಡದೆ ಛತ್ರದಲ್ಲಿ ತೋರಿಸಬೇಕೆಂದು ಗಿರಿಜಾಳ ಆಸೆ.

"ಸ್ಟುಡಿಯೋದವ್ರಿಗೆ ಕೊಟ್ಟುಬಿಡೋಣ ಕಣ್ರೀ" ಎಂದಳು.

ನಾನು ನಕ್ಕೆ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ!

ನಮ್ಮ ಕಂಪ್ಯೂಟರು ಹಳೆಯದು. ಅದರ ಮಿದುಳಾದ ಪ್ರೊಸೆಸರನ್ನು ಬದಲಿಸಿದರೆ ಗಾಳಿಗಿಂತ ಜೋರಾಗಿ ಓಡುತ್ತದೆಂದು ಓದಿದ್ದೆ. ಸವಳಂಗ ರಸ್ತೆಯ ಇಮ್ತಿಯಾಜ್ ಭಾಯಿ ಅಂಗಡಿಯಿಂದ ಹೊಸ ಪ್ರೊಸೆಸರು ತಂದೆ. ಅದನ್ನು ತಣ್ಣಗಿಡಲು ಮೇಲೆ ಕೂರಿಸುವ, ಅಲ್ಯೂಮಿನಿಯಂ ಗಟ್ಟಿಗೆ ಫ್ಯಾನು ಸಿಕ್ಕಿಸಿದ ಕೂಲರನ್ನೂ ತಂದೆ.

"ನಾನೇ ಕೂರಿಸಿ ಕೊಡ್ತೀನಿ ಸಾರ್, ಹತ್ತು ನಿಮಿಷದ ಕೆಲಸ" ಎಂದರು ಭಾಯಿ.

"ಬೇಡ ಭಾಯಿ. ನಾನು ಸೈನ್ಸಿನವನು" ಎಂದೆ.

ಊಟದ ಮೇಜಿನ ಮೇಲೆ ಊದುಬತ್ತಿ ಹಚ್ಚಿ ಶಸ್ತ್ರಕ್ರಿಯೆಗೆ ಕೈಹಾಕಿದೆ. ಕೂಲರಿನ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಎಂಥ ಕಾಳಜಿ ಕಂಪನಿಯವರದು! ಒಂದು ಗೀರೂ ಬೀಳದಂತೆ ಹಾಳೆಯ ಸಮೇತ ಕೂರಿಸಿ ಸ್ಕ್ರೂ ಬಿಗಿದೆ.

ಕಂಪ್ಯೂಟರು ಮೊದಲ ಎರಡು ನಿಮಿಷ ಕುದುರೆ. ಆಮೇಲೆ ಗಾಣದೆತ್ತು! ಹಳೆಯ ಪ್ರೊಸೆಸರು ನಾಲ್ಕು ಗಂಟೆ ಸಾಕು ಎನ್ನುತ್ತಿದ್ದ ವಿಡಿಯೋಗೆ ಹೊಸದು ಹತ್ತೊಂಬತ್ತು ಗಂಟೆ ಬೇಕೆಂದಿತು. ನಡುವೆ ಸುಸ್ತಾಗಿ ತಾನೇ ಆಫ್ ಆಗುತ್ತಿತ್ತು.

ಭಾರ ಇಳಿಸೋಣವೆಂದು ಬೇಡದ್ದನ್ನೆಲ್ಲ ಅಳಿಸಿದೆ. ಅದರ ಜೊತೆ ಕನ್ನಡದ ಫಾಂಟುಗಳೂ ಹೋದವು. ನಾನು ಟೈಪ್ ಮಾಡಿಟ್ಟಿದ್ದ ಎಂಟನೇ ಕ್ಲಾಸಿನ ಪ್ರಶ್ನೆಪತ್ರಿಕೆಯಲ್ಲಿ ಅಕ್ಷರಗಳ ಬದಲು ಬರೀ ಡಬ್ಬಿಗಳು ಕೂತಿದ್ದವು. ಶುಕ್ರವಾರ ಪ್ರೊಸೆಸರನ್ನು ಬಿಚ್ಚಿಕೊಂಡು ಭಾಯಿಯ ಅಂಗಡಿಗೆ ನುಗ್ಗಿದೆ.

"ಹಳೇ ಮಾಲು ಕೊಟ್ಟಿದ್ದೀರಿ ನನಗೆ!"

ಅವರು ಅದನ್ನು ತಮ್ಮ ಮೆಷೀನಿಗೆ ಹಾಕಿದರು. ದರಿದ್ರದ್ದು, ಅಲ್ಲಿ ಚಿಗರೆಯಂತೆ ಓಡಿತು!

"ಮಾಲು ಫಸ್ಟ್ ಕ್ಲಾಸ್ ಇದೆ ಸಾರ್. ನಿಮ್ಮ ಮೆಷೀನ್ ಪೂರಾ ತಗೊಂಡ್ ಬನ್ನಿ, ನೋಡೋಣ."

ಸೈನ್ಸಿನವನು ಹಾಗೆಲ್ಲ ಹೊತ್ತುಕೊಂಡು ಹೋಗುತ್ತಾನೆಯೇ? ಶನಿವಾರ ಬೆಳಗ್ಗೆ ಎಲ್ಲವನ್ನೂ ಮೊದಲಿನಂತೆಯೇ ಕೂರಿಸಿ, ಕಂಪ್ಯೂಟರ್ ಡಬ್ಬಿಯ ಬಾಗಿಲು ತೆಗೆದು ಎದುರಿಗೆ ಟೇಬಲ್ ಫ್ಯಾನು ಹಚ್ಚಿದೆ. ಕಂಪ್ಯೂಟರು ಮಿಸುಕಲಿಲ್ಲ. ಮೇಜಿನ ಮೇಲಿದ್ದ ಫೋಟೋಗಳು ಮಾತ್ರ ಹಾರಿದವು. ಅತ್ತೆಯ ಧಾರೆಯ ಫೋಟೋ ನೇರವಾಗಿ ಸಾರಿನ ಪಾತ್ರೆಯಲ್ಲಿ ಹೋಗಿ ಕೂತಿತು! ಅದು ಮೊದಲೇ ಸ್ಕ್ಯಾನ್ ಆಗಿದ್ದರಿಂದ ನಾನು ಬದುಕಿದೆ.

ಗಿರಿಜಾಳ ಕಣ್ಣಲ್ಲಿ ನೀರು. "ನಾಳೆ ಬೆಳಗ್ಗೆ ಫಂಕ್ಷನ್ನು. ಇನ್ನೇನ್ ಮಾಡ್ತೀರಿ?"

ಬಾಲ ಮುದುರಿಕೊಂಡು ಭಾಯಿಯ ಅಂಗಡಿಗೆ ಹೋದೆ. ಬೀಗ! ಯಾರದೋ ಮದುವೆಗೆ ಹೋಗಿದ್ದರಂತೆ.

ಉಳಿದದ್ದು ಒಂದೇ ದಾರಿ, ಮಾವ. ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಿಕ್ಸಿಯಿಂದ ಮೋಟರಿನ ತನಕ ಅವರ ಕೈಗೆ ಬಗ್ಗದ್ದಿಲ್ಲ. ಯಾರಿಗೆ ಗೊತ್ತಾಗಬಾರದೋ ಅವರ ಮನೆಗೇ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಸ್ಕೂಟರಿನಲ್ಲಿ ಹೊರಟೆವು. ಬ್ರೇಕು ಹಾಕಿದಾಗಲೆಲ್ಲ ಗಿರಿಜಾ ಸೀಟಿನ ಹಾಳೆಯ ಮೇಲೆ ಜಾರಿ, ಕಂಪ್ಯೂಟರ್ ಸಮೇತ ನನ್ನ ಬೆನ್ನಿಗೆ ಬಡಿದಳು.

ಮಾವ ಕಂಪ್ಯೂಟರನ್ನು ತಮ್ಮ ಟಿವಿಗೆ ಸಿಕ್ಕಿಸಿದರು. ಪ್ರೊಸೆಸರಿನ ಬಿಸಿ ನೂರು ಡಿಗ್ರಿಯ ಹತ್ತಿರ ಎಂದು ಪರದೆ ತೋರಿಸಿತು. ಕೂಲರಿನ ಗಟ್ಟಿಯನ್ನು ಮುಟ್ಟಿದರು. ತಣ್ಣಗಿತ್ತು.

"ಒಳಗೆ ಬೆಂಕಿ, ಮೇಲೆ ತಣ್ಣಗೆ! ಶಾಖ ಹೊರಗೆ ಬರ್ತಾನೇ ಇಲ್ವಲ್ಲ ಅಳಿಯಂದ್ರೆ. ಬಿಸಿ ತಡೀಲಾರ್ದೆ ಪಾಪ ಅದು ನಿಧಾನ ಆಗಿದೆ."

ಸ್ಕ್ರೂ ಬಿಚ್ಚಿದರು. ಉಗುರಿನಿಂದ ಕೆರೆದರು. ಚರ್ ಎಂದು ಆ ಹಾಳೆ ಎದ್ದು ಬಂತು.

"ಇದೇನಿದು?"

ಹಿಂದಿನ ವಾರವಷ್ಟೇ ತರಗತಿಯಲ್ಲಿ ಗುಡುಗಿದ್ದೆ: "ಪ್ಲಾಸ್ಟಿಕ್ಕು ಶಾಖವನ್ನು ಹರಿಯಗೊಡುವುದಿಲ್ಲ, ಬರೆದುಕೊಳ್ಳಿ!" ಮಕ್ಕಳೆಲ್ಲ ಬರೆದುಕೊಂಡಿದ್ದರು. ನಾನೊಬ್ಬನೇ ಬರೆದುಕೊಂಡಿರಲಿಲ್ಲ.

ಹಾಳೆ ತೆಗೆದು ಕೂರಿಸಿದ್ದೇ ತಡ, ನಲವತ್ತು ನಿಮಿಷದಲ್ಲಿ ವಿಡಿಯೋ ತಯಾರಾಯಿತು. ಸರಿಯಾಗಿದೆಯೋ ನೋಡೋಣವೆಂದು ಮಾವ ಕುರ್ಚಿ ಎಳೆದುಕೊಂಡು ಕೊನೆಯವರೆಗೂ ನೋಡಿದರು! ಗಿರಿಜಾ ತಲೆಯ ಮೇಲೆ ಕೈಹೊತ್ತು ಕೂತಳು. ಅವಳ ಗುಟ್ಟನ್ನು ನಾನೇ ರಟ್ಟು ಮಾಡಿದ್ದೆ. ನನಗೆ ನಿಜಕ್ಕೂ ಸಂಕಟವಾಯಿತು.

ಆದರೆ ಮರುದಿನ ಛತ್ರದಲ್ಲಿ ಪರದೆ ಬೆಳಗಿದಾಗ ಮಾವ ಎದೆಯ ಮೇಲೆ ಕೈಯಿಟ್ಟು ಕೂಗಿದರು: "ಅಯ್ಯೋ, ಇದನ್ನೆಲ್ಲ ಯಾವಾಗ ಮಾಡಿದ್ಯೇ ಮಗಳೇ!" ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಿರಿಜಾ ಎರಡು ದಿನದಲ್ಲಿ ಮೊದಲ ಬಾರಿಗೆ ನನ್ನತ್ತ ನೋಡಿ ನಕ್ಕಳು. ಮಾವ ಒಬ್ಬರಿಗೂ ನನ್ನ ಸಾಹಸ ಹೇಳಲಿಲ್ಲ. ದೇವರಂಥ ಮನುಷ್ಯ ಎಂದುಕೊಂಡೆ.

ಮನೆಗೆ ಬಂದು ಅವರು ಕೈಯಾರೆ ಕೊಟ್ಟ ತಾಂಬೂಲದ ಚೀಲ ಬಿಚ್ಚಿದೆ. ಎಲೆ ಅಡಿಕೆ ಇತ್ತು, ತೆಂಗಿನಕಾಯಿ ಇತ್ತು. ತಳದಲ್ಲಿ ಆ ಹಾಳೆಯೂ ಇತ್ತು. ಅದು ಹಾಳಾಗದಿರಲೆಂದು ಮಾವ ಅದಕ್ಕೊಂದು ಹೊಸ ಪ್ಲಾಸ್ಟಿಕ್ ಕವರು ಹಾಕಿದ್ದರು!